ತೆರಕಣಾಂಬಿ ಬಸ್ಸಿನಲ್ಲಿ ಬ್ರಿಡ್ಜಣ್ಣ

ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯ ಬೋರ್ಡು ಕಳೆದ ವಾರ ಕೆಳಗಿಳಿಯಿತು. ಪತ್ರಿಕೆಯ ದೃಷ್ಟಿಯಲ್ಲಿ ಇದು ಸುದ್ದಿಯಲ್ಲ. ಹೆದ್ದಾರಿಯ ಆ ಸಾಲಿನಲ್ಲಿ ಅಂಗಡಿಗಳು ತೆರೆಯುತ್ತಲೇ ಇರುತ್ತವೆ, ಮುಚ್ಚುತ್ತಲೇ ಇರುತ್ತವೆ. ಮೊಬೈಲ್ ರಿಪೇರಿ ಇದ್ದ ಜಾಗಕ್ಕೆ ನೇಂದ್ರ ಬಾಳೆ ಚಿಪ್ಸ್ ಬರುತ್ತದೆ, ಚಿಪ್ಸ್ ಇದ್ದ ಜಾಗಕ್ಕೆ ಪಂಕ್ಚರ್ ಅಂಗಡಿ ಬರುತ್ತದೆ. ಈ ಅಂಗಡಿಯ ಮಾಲೀಕರಿಗೆ ಆರೋಗ್ಯ ಚೆನ್ನಾಗಿದೆ, ಯಾರೊಂದಿಗೂ ಜಗಳವಿಲ್ಲ. ಕಾರಣ ಕೇಳಿದೆ. "ಕೆಡ್ಸೋರು ಇಷ್ಟ್ ದಿನ ನನ್ ಕಾಯ್ಕಂಡು ಕೂತಿದ್ರು. ಈಗ ಅವ್ರೇ ಸರಿ ಮಾಡೋದ್ನೂ ಕಲ್ತವ್ರೆ. ನಾನ್ಯಾಕೆ ನಡುವೆ?" ಎಂದರು. ತೆರಕಣಾಂಬಿಯ ಹತ್ತಿರ ಅವರಿಗೆ ಜಮೀನಿದೆ. ಟೊಮೆಟೊ ನಾಟಿ ಮುಗಿದಿದೆ.

ಚಾಮರಾಜನಗರದಿಂದ ಹೊರಡುವ ಒಂದು ಸಣ್ಣ ಸಂಜೆ ಪತ್ರಿಕೆಯಲ್ಲಿ ನಾನು ವರದಿಗಾರ. ಈ ಬರಹವನ್ನು ಅವರ ಹೆಸರಿಲ್ಲದೆ ಬರೆಯುತ್ತಿರುವುದು ಅವರದೇ ಷರತ್ತಿನ ಮೇಲೆ. "ಎಸ್ರು ಆಕ್ಬೇಡಿ ರಿಪೋಟ್ರೇ. ಆಕುದ್ರೆ ಊರೋರೆಲ್ಲ ಫೋನ್ ಮಾಡ್ಬುಡ್ತಾರೆ, ಪ್ರಿಂಟ್ರು ತಿರುಗ್ತಾ ಇಲ್ಲ ಅಂತ." ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಊರಿನವರು ಅವರನ್ನು ಬ್ರಿಡ್ಜಣ್ಣ ಎಂದೇ ಕರೆಯುತ್ತಿದ್ದುದರಿಂದ ಹೆಸರಿಲ್ಲದಿದ್ದರೂ ಏನೂ ನಷ್ಟವಿಲ್ಲ.

ಅವರ ಮನೆತನದ್ದು ಈರುಳ್ಳಿ ಮತ್ತು ತರಕಾರಿ ಮಂಡಿ. ಅಣ್ಣ ಮಂಡಿ ನೋಡಿಕೊಂಡರೆ, ಇವರು ಪಕ್ಕದ ಮಳಿಗೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡರು. ನಡುವಿನ ಗೋಡೆಗೆ ಒಂದು ಬಾಗಿಲಿತ್ತು. ಸೀಸನ್‌ನಲ್ಲಿ ಮಂಡಿ ತುಂಬಿ, ಈರುಳ್ಳಿ ಮೂಟೆಗಳು ಆ ಬಾಗಿಲಿನಿಂದ ಇತ್ತ ಬರುತ್ತಿದ್ದವು. ಹಾಗಾಗಿ ರಿಪೇರಿಗೆ ಬಂದ ಕಂಪ್ಯೂಟರುಗಳು ಮೂಟೆಗಳ ಮೇಲೇ ಕೂರುತ್ತಿದ್ದವು. ನಮ್ಮ ಕಚೇರಿಗೆ ವಾಪಸು ಬಂದ ಯಂತ್ರಗಳನ್ನು ಮೂಗಿಗೆ ಹಿಡಿದೇ ಅವು ಎಲ್ಲಿಂದ ಬಂದವೆಂದು ಹೇಳಬಹುದಿತ್ತು.

ಬಿಳಿ ಪಂಚೆ, ತೋಳು ಮಡಚಿದ ಶರ್ಟು, ಹಣೆಯಲ್ಲಿ ವಿಭೂತಿ. ಉಡುದಾರಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲಿನಲ್ಲಿ ಮಂಡಿಯ ಬೀಗದ ಕೈ, ಮನೆಯದು, ಬೈಕಿನದು, ಜೊತೆಗೆ ಒಂದು ಪೆನ್‌ಡ್ರೈವ್. ಅದನ್ನು ಯಂತ್ರಕ್ಕೆ ಚುಚ್ಚಬೇಕಾದರೆ ಗೊಂಚಲು ಸಮೇತ ಚುಚ್ಚುತ್ತಿದ್ದರು. ಬೀಗದ ಕೈಗಳು ಕಂಪ್ಯೂಟರಿನ ಮೂತಿಯಲ್ಲಿ ತೂಗಾಡುತ್ತಿರುವಾಗ ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪರದೆಯನ್ನು ನೋಡುತ್ತ ನಿಲ್ಲುತ್ತಿದ್ದರು. ಕೈ ಯಾಕೆ ಹಿಂದೆ ಎಂದು ಒಮ್ಮೆ ಕೇಳಿದ್ದೆ. "ಮುಂದಿದ್ರೆ ಅದು ಸುಮ್ನಿರದಿಲ್ಲ. ನೋಡೋಕ್ ಮುಂಚೆ ಮುಟ್ತದೆ" ಎಂದಿದ್ದರು.

ಅವರ ಕೆಲಸದ ರೀತಿ ಹೀಗಿತ್ತು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸುವುದು. ಪಕ್ಕದಲ್ಲಿ ನಿಂತವರು "ಬಂತು" ಅಥವಾ "ಬರ್ನಿಲ್ಲ" ಎಂದು ಗಟ್ಟಿಯಾಗಿ ಹೇಳಬೇಕು. ಬರದಿದ್ದರೆ, ಬದಲಿಸಿದ್ದನ್ನು ಮೊದಲಿದ್ದ ಹಾಗೇ ಇಟ್ಟು ಮುಂದಿನದಕ್ಕೆ ಹೋಗುವುದು. ಇದೆಲ್ಲಕ್ಕಿಂತ ಮೊದಲು ಕೋಣೆಯಲ್ಲಿದ್ದವರನ್ನೆಲ್ಲ ಕೂರಿಸಿ ಪಂಚಾಯ್ತಿ: "ಯಾರ್ಯಾರು ಏನೇನ್ ಮಾಡಿದ್ರಿ, ಒಬ್ಬೊಬ್ರಾಗಿ ಯೋಳಿ." ಎಲ್ಲರೂ ಹೇಳುತ್ತಿದ್ದುದು ಒಂದೇ, ಏನೂ ಮಾಡಿಲ್ಲ. ಇವರು ಪ್ರತಿಯೊಬ್ಬರಿಗೂ ತಲೆಯಾಡಿಸಿ, ನನ್ನ ಕಡೆ ತಿರುಗಿ, "ಯಾರೂ ಏನೂ ಮಾಡಿಲ್ಲ ಅಂದ್ಮೇಲೆ ಕೆಟ್ಟೂ ಇಲ್ಲ. ಒರಡನ ನಡೀರಿ" ಎನ್ನುತ್ತಿದ್ದರು. ಆಗ ಯಾರಾದರೊಬ್ಬರಿಗೆ ಏನಾದರೊಂದು ನೆನಪಾಗುತ್ತಿತ್ತು.

ವಿನಯವಂತರು ಎಂದು ಬರೆದರೆ ಸುಳ್ಳಾಗುತ್ತದೆ. ತಮ್ಮ ಮೊದಲ ಊಹೆಯೇ ಸರಿ ಎಂಬ ನಂಬಿಕೆ ಅವರಿಗೆ ಗಟ್ಟಿಯಾಗಿತ್ತು. ಅದು ಸುಳ್ಳಾದಾಗ ಒಂದು ಟೀ ಕುಡಿಯುವವರೆಗೆ ಒಪ್ಪುತ್ತಿರಲಿಲ್ಲ. ಟೀ ಮುಗಿದ ಮೇಲೆ, ಆ ಊಹೆ ಮಾಡಿದವರು ಬೇರೆ ಯಾರೋ ಎಂಬಂತೆ, "ಅದು ಅಂಗಿರೋಕ್ ಸಾಧ್ಯಾನೇ ಇಲ್ಲ ಕಣ್ರೀ" ಎಂದು ನಮಗೇ ಬುದ್ಧಿ ಹೇಳುತ್ತಿದ್ದರು.

ಹೆದ್ದಾರಿಯಲ್ಲಿ ನಿಲ್ಲುವ ಕೇರಳದ ಲಾರಿ ಚಾಲಕರಿಗೆ ಅವರ ಅಂಗಡಿ ಗೊತ್ತು. ಮಲಯಾಳದಲ್ಲಿ ಅವರಿಗೆ ಬರುತ್ತಿದ್ದುದು "ಶರಿ ಶರಿ" ಮತ್ತು, ಏನು ತೊಂದರೆ ಎನ್ನುವ "ಎಂದಾ ಪ್ರಶ್ನಂ", ಇವೆರಡೇ. ಮಿಕ್ಕಿದ್ದು ನಮ್ಮ ಕನ್ನಡ, ಸ್ವಲ್ಪ ಎತ್ತರದ ದನಿಯಲ್ಲಿ. ಅಷ್ಟರಲ್ಲೇ ಚಾಲಕರ ಫೋನು ಸರಿಹೋಗುತ್ತಿತ್ತು, ಮಳೆ, ಘಾಟಿ, ತರಕಾರಿ ದರಗಳ ಮಾತೂ ಆಗುತ್ತಿತ್ತು.

ಬ್ರಿಡ್ಜಣ್ಣ ಎಂಬ ಹೆಸರು ಬಂದದ್ದು ನಮ್ಮ ಕಚೇರಿಯಿಂದ. ಅದನ್ನು ಹೇಳಲು ಪುಟ್ಟಮ್ಮಣ್ಣಿಯವರ ಬಗ್ಗೆ ಹೇಳಬೇಕು.

ಪುಟ್ಟಮ್ಮಣ್ಣಿ ಸುದ್ದಿ, ಶೀರ್ಷಿಕೆಗಳನ್ನು ಜೋಡಿಸಿ ನಮ್ಮ ಪತ್ರಿಕೆಯ ಪುಟ ಕಟ್ಟುವವರು. ಕುದೇರಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾರೆ. ಪತ್ರಿಕೆ ಶುರುವಾದಾಗಿನಿಂದ ಅವರು ಪುಟ ಕಟ್ಟುತ್ತಿರುವುದು ಒಂದೇ ಸಾಫ್ಟ್‌ವೇರಿನಲ್ಲಿ. ಅದರ ಕನ್ನಡ ಅಕ್ಷರ ಹಳೆಯದು, ಕೀಲಿಗಳ ಜೋಡಣೆ ಹಳೆಯದು. ಅದನ್ನು ಮಾಡಿದವರು ಕೈಬಿಟ್ಟು ಬಹಳ ಕಾಲವಾಗಿದೆ. ಹೊಸ ಕಂಪ್ಯೂಟರುಗಳಲ್ಲಿ ಅದು ಓಡುವುದಿಲ್ಲ. ಆದರೆ ಪುಟ್ಟಮ್ಮಣ್ಣಿಯವರ ಬೆರಳಿಗೆ ಬೇರೊಂದು ಒಗ್ಗುವುದಿಲ್ಲ. ಹೊಸದನ್ನು ಅವರು ಪ್ರಯತ್ನಿಸಿದರು. ಪುಟ ಬಂತು, ಆದರೆ ಶೀರ್ಷಿಕೆಯ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು. ಅವರು ಅದನ್ನು ನೋಡಿ, "ಇದ ನಾನ್ ಕಟ್ಟಿಲ್ಲ" ಎಂದು ಎದ್ದು ಹೋದರು.

ಹಳೆಯ ಕಂಪ್ಯೂಟರು ಪೂರ್ತಿ ಕೈಕೊಟ್ಟ ಮೇಲೆ ಬ್ರಿಡ್ಜಣ್ಣ ಒಂದು ಉಪಾಯ ಮಾಡಿದರು. ಹೊಸ ಪೆಟ್ಟಿಗೆ ತಂದು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದರು. ಅದರೊಳಗೆ, ನಿಜವಾಗಿ ಇಲ್ಲದ, ಇದ್ದಂತೆ ನಡೆದುಕೊಳ್ಳುವ ಇನ್ನೊಂದು ಕಂಪ್ಯೂಟರನ್ನು ಕೂರಿಸಿದರು. ಇದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಪುಟ್ಟಮ್ಮಣ್ಣಿ ಅದನ್ನು 'ಒಳಗಡೆದು' ಎಂದರು, ಲಿನಕ್ಸನ್ನು 'ಒರಗಡೆದು' ಎಂದರು. ಹಳೆಯ ಸಾಫ್ಟ್‌ವೇರು ಒಳಗಡೆಯದರಲ್ಲಿ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

ಒಂದು ತೊಡಕು ಉಳಿಯಿತು. ನಮ್ಮ ಹಿಂದಿನ ಕೋಣೆಯಲ್ಲಿ ಮುದ್ರಣ ಯಂತ್ರಕ್ಕೆ ಜೋಡಿಸಿದ ಒಂದು ಕಂಪ್ಯೂಟರ್ ಇದೆ. ಪುಟವನ್ನು ಅದಕ್ಕೆ ಯಾರೂ ಕಳಿಸುವುದಿಲ್ಲ, ಅದೇ ಬಂದು ತೆಗೆದುಕೊಂಡು ಹೋಗುತ್ತದೆ. ಅದಕ್ಕೆ ಒಳಗಡೆಯ ಯಂತ್ರ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಇದೇಕೆ ಎಂದು ಪತ್ರಿಕೆಯ ಯಜಮಾನರು ಕೇಳಿದಾಗ ಬ್ರಿಡ್ಜಣ್ಣ ಮಂಡಿಯಿಂದ ಉತ್ತರ ಕೊಟ್ಟರು.

"ನೋಡಿ ಯಜಮಾನ್ರೇ. ರೈತ ದಲ್ಲಾಳಿ ಕೈಲಿ ಮಾಲು ಕೊಟ್ಟ. ಮಾಲು ಒರಿಕ್ ಓಯ್ತದೆ, ಯಾರ್ ಎಸ್ರಲ್ಲಿ? ದಲ್ಲಾಳಿ ಎಸ್ರಲ್ಲಿ. ಮೈಸೂರೋನು ಬಂದು ಟೊಮೇಟೊ ಬೆಳ್ದೋನು ಎಲ್ಲವ್ನೆ ಅಂದ್ರೆ ಗೊತ್ತಾಗದಿಲ್ಲ. ಈಗ ನಿಮ್ ಒಳಗಡೆದು ಅಂಗೇ ಇರೋದು. ಬ್ರಿಡ್ಜ್ ಅಂದ್ರೆ ಏನು? ರೈತ ತಾನೇ ಮಾರ್ಕೆಟ್‌ಗೆ ಬಂದು, ತನ್ ಎಸ್ರಲ್ಲೇ, ತಾನೇ ಗೋಣಿ ಆಸ್ಕಂಡು ಕೂತ್ಕಳದು. ಆಗ ಯಾರ್ ಬೇಕಾದ್ರೂ ನೆಟ್ಟಗೆ ಅವ್ನತ್ರಕ್ಕೇ ಬರ್ಬೋದು."

"ನೀವೇ ಮಂಡಿಯವರಾಗಿ ದಲ್ಲಾಳಿ ಬೇಡ ಅಂತೀರಲ್ಲ" ಎಂದರು ಯಜಮಾನರು.

"ಕಂಪ್ಯೂಟ್ರಲ್ಲಿ ಬೇಡ. ಮಂಡೀಲಿ ಬೇಕು" ಎಂದು ಇವರು ಕೆಲಸಕ್ಕೆ ಕೂತರು. ಆವತ್ತಿನಿಂದ ಬ್ರಿಡ್ಜಣ್ಣ ಆದರು.

ಬ್ರಿಡ್ಜು ಕೆಲವೊಮ್ಮೆ ನಿಲ್ಲುತ್ತಿತ್ತು. ವರ್ಷಕ್ಕೊಮ್ಮೆಯಾದರೆ ಯಜಮಾನರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಒಂದು ಮಳೆಗಾಲದಲ್ಲಿ ಮೇಲಿಂದ ಮೇಲೆ ನಿಂತು, ಪತ್ರಿಕೆ ಸಂಜೆಯ ಬಸ್ಸುಗಳನ್ನು ತಪ್ಪಿಸಿಕೊಂಡು, ಮರುದಿನ ಬೆಳಿಗ್ಗೆ ಊರೂರು ತಲುಪಿತು. ಸಂಜೆ ಪತ್ರಿಕೆಯನ್ನು ಬೆಳಿಗ್ಗೆ ಯಾರೂ ಕೇಳುವುದಿಲ್ಲ. ಯಜಮಾನರು ಸಿಟ್ಟಿನ ಮನುಷ್ಯರಲ್ಲ. ದಸರಾಕ್ಕೆ ಮುಂಚೆ ಎಲ್ಲರನ್ನೂ ಕರೆದು ಶಾಂತವಾಗಿ ಹೇಳಿದರು: ಮೈಸೂರಿನಲ್ಲಿ ಪುಟ ಕಟ್ಟಿ ಕೊಡುವ ಸಂಸ್ಥೆಯೊಂದಿದೆ, ಹಬ್ಬ ಮುಗಿದ ಮೊದಲ ದಿನ ಅವರ ಕಡೆಯವರು ಬರುತ್ತಾರೆ. ಅವತ್ತು ನಮ್ಮ ಯಂತ್ರ ಸರಿಯಾಗಿ ನಡೆದರೆ ಅವರಿಗೆ ಕಾಫಿ ಕೊಟ್ಟು ಕಳಿಸೋಣ. ನಿಂತರೆ ಪುಟದ ಕೆಲಸ ಮೈಸೂರಿಗೆ.

ಕೆಲಸ ಮೈಸೂರಿಗೆ ಹೋದರೆ ಪುಟ್ಟಮ್ಮಣ್ಣಿಯವರ ಕುರ್ಚಿ ಉಳಿಯುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರು ಮಾತ್ರ ಬ್ರಿಡ್ಜಣ್ಣನವರಿಗೆ ಫೋನು ಮಾಡಿ, "ಅಣ್ಣಾ, ನಿಮ್ ಒಳಗಡೆದು ಕೈ ಕೊಟ್ರೆ ನಾನ್ ಕುದೇರಲ್ಲೇ ಕೂತ್ಕಬೇಕಾಯ್ತದೆ" ಎಂದರು. ಇವರು ಹಬ್ಬಕ್ಕೆ ಮುಂಚೆಯೇ ಬಂದು ಇಡೀ ವ್ಯವಸ್ಥೆಯನ್ನು ತೊಳೆದಿಟ್ಟಂತೆ ಮಾಡಿದರು. ಹೊಸ ಅಪ್‌ಡೇಟ್ ಹಾಕಿದರು. ಇರಲಿ ಎಂದು ಪೆಟ್ಟಿಗೆಯ ಹಿಂದೆ, ವೈರಿಗೆ ಇನ್ನೊಂದು ತೂತಿರುವ, ನೆಟ್‌ವರ್ಕಿನ ಎರಡನೆಯ ಕಾರ್ಡನ್ನೂ ಸಿಕ್ಕಿಸಿದರು. "ಒಂದ್ ಓದ್ರೆ ಇನ್ನೊಂದು" ಎಂದು ಎರಡೂ ಕೈ ಝಾಡಿಸಿ ಹೋದರು.

ಹಬ್ಬ ಕಳೆದ ಮೊದಲ ಬೆಳಿಗ್ಗೆ ನಾನು ಗುಂಡ್ಲುಪೇಟೆಯಲ್ಲಿದ್ದೆ. ರಜೆಯ ನಂತರ ತರಕಾರಿ ಮಾರುಕಟ್ಟೆ ತೆರೆಯುವುದರ ವರದಿ ಮುಗಿಸಿ ತೆರಕಣಾಂಬಿ ಮಾರ್ಗದ ಚಾಮರಾಜನಗರ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಬ್ರಿಡ್ಜಣ್ಣ ಕೂತಿದ್ದರು. "ಎಲ್ಲಾ ಸರಿಯಾಗಿರ್ತದೆ. ಸುಮ್ನೆ ಮೈಸೂರೋರ ಮಕ ನೋಡ್ಕ ಬರನ ಅಂತ" ಎಂದರು. ಬಸ್ಸು ಊರು ದಾಟುತ್ತಿದ್ದಂತೆ ಅವರ ಫೋನು ಹೊಡೆದುಕೊಂಡಿತು. ಪುಟ್ಟಮ್ಮಣ್ಣಿ.

"ಅಣ್ಣೋ, ಒಳಗಡೆದು ಎದ್ದದೆ. ಪುಟಾನೂ ಕಟ್ಟಿವ್ನಿ. ಆದ್ರೆ ಪ್ರೆಸ್ಸು ರೂಮಿಂದ ಬಂದು ತಕ್ಕಂಡೋಯ್ತಾ ಇಲ್ಲ. ಕಾಣದೇ ಇಲ್ಲ ಅಂತದೆ."

ಅವರು ಮೆಲ್ಲಗೆ ಮಾತಾಡುತ್ತಿದ್ದರು. ಯಜಮಾನರು ಅಲ್ಲೇ ಓಡಾಡುತ್ತಿದ್ದಾರೆಂದು ಊಹಿಸಬಹುದಿತ್ತು. ಬಸ್ಸಿನ ಸದ್ದಿನಲ್ಲಿ ಆ ಮೆಲುದನಿ ಕೇಳದೆ ಬ್ರಿಡ್ಜಣ್ಣ ಸ್ಪೀಕರ್ ಒತ್ತಿದರು. ಅಲ್ಲಿಂದ ಮುಂದೆ ಅದು ಇಬ್ಬರ ಮಾತಾಗಿ ಉಳಿಯಲಿಲ್ಲ.

"ಮೈಸೂರೋರು ಬಂದವ್ರಾ?"

"ಬಂದು ಲ್ಯಾಪ್‌ಟಾಪ್ ತಗ್ದು ಕೂತವ್ರೆ."

"ಏನ್ ಮುಟ್ಟಿದ್ರಿ, ಮೊದ್ಲು ಅದ್ ಯೋಳವ್ವ."

"ಏನೂ ಮುಟ್ಟಿಲ್ಲ. ರಜಾ ಇತ್ತಲ್ಲಣ್ಣ, ಯಾರ್ ಬಂದಿದ್ರು ಮುಟ್ಟಕೆ?"

"ಒರಗಡೆದ್ರಲ್ಲಿ ನೆಟ್ ಬತ್ತಾ ಅದಾ?"

"ಬತ್ತಾ ಅದೆ. ಮೇಲ್ ಬತ್ತಾ ಅದೆ, ಎಲ್ಲಾ ಬತ್ತಾ ಅದೆ."

ಬ್ರಿಡ್ಜಣ್ಣ ನನ್ನ ಕಡೆ ತಿರುಗಿ, "ಅಂಗಾದ್ರೆ ವೈರ್ ಸರಿಯಾಗದೆ. ಇದು ಫೈರ್‌ವಾಲು. ಅಪ್‌ಡೇಟ್ ಆಗಿ ಬಾಗ್ಲು ಆಕ್ಕಂಡದೆ, ಬರ್ಕಳಿ" ಎಂದರು. ನಾನು ಬರೆದುಕೊಳ್ಳಲಿಲ್ಲ.

ಒಂದೊಂದೇ ಅಕ್ಷರ ಹೇಳಿ ಫೈರ್‌ವಾಲು ನಿಲ್ಲಿಸಿದರು. ಕಾದರು.

"ಬರ್ನಿಲ್ಲ" ಎಂದಿತು ಫೋನು.

"ವಾಪಸ್ ಆಕು. ಈಗ ಒಳಗಡೆದ್ರ ಸೆಟ್ಟಿಂಗ್ ತಗಿ. ನೆಟ್‌ವರ್ಕ್ ಅಂತ ಇರೋ ಕಡೆ ಬ್ರಿಡ್ಜ್ ಅಂತಿದ್ಯಾ, ಬೇರೆ ಏನಾರ ಇದ್ಯಾ?"

"ಬ್ರಿಡ್ಜ್ ಅಂತ್ಲೇ ಅದೆ."

"ವಿಳಾಸ?"

ಪುಟ್ಟಮ್ಮಣ್ಣಿ ಅಂಕಿಗಳನ್ನು ಓದಿದರು. ಸರಿಯಾಗಿಯೇ ಇತ್ತು. ಈ ಹೊತ್ತಿಗೆ ಮುಂದಿನ ಸೀಟಿನವರು ಹಿಂದೆ ತಿರುಗಿ ಕೂತಿದ್ದರು. ಅವರು ಗುಂಡ್ಲುಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸಾಹೇಬರು, ಬ್ರಿಡ್ಜಣ್ಣನವರಿಗೆ ಹಳೆಯ ಪರಿಚಯ.

"ಕರೆಂಟಿನ ಅರ್ತ್ ಸರಿಯಿಲ್ಲ ಸಾವ್ಕಾರ್ರೇ" ಎಂದರು ಸಾಹೇಬರು.

"ನಿಮ್ಗೆ ಜ್ವರ ಬಂದ್ರೂ ಅರ್ತ್ ಸರಿಯಿಲ್ಲ ಅಂತೀರಿ."

"ಅಂಗೇ ಮತ್ತೆ. ಅರ್ತ್ ಸರಿಯಿದ್ರೆ ಯಾವ್ದೂ ಕೆಡಲ್ಲ."

ಕಂಡಕ್ಟರು ಟಿಕೆಟ್ ಕೊಡುವುದನ್ನು ನಿಲ್ಲಿಸಿ ಪಕ್ಕದ ಕಂಬಿ ಹಿಡಿದು ನಿಂತರು. ವಿಷಯ ಏನೆಂದು ನನ್ನನ್ನು ಕೇಳಿದರು. ನಾನು ಚುಟುಕಾಗಿ ಹೇಳಿದೆ: ಇದು ಸರಿಯಾಗದಿದ್ದರೆ ಆ ಹೆಂಗಸಿನ ಕೆಲಸ ಹೋಗುತ್ತದೆ. ಆ ಮಾತು ಬಸ್ಸಿನ ಹಿಂದಿನ ಸೀಟಿನವರೆಗೆ ಎಷ್ಟು ಬೇಗ ತಲುಪಿತೆಂದರೆ, ಅಷ್ಟು ಬೇಗ ನಮ್ಮ ಪತ್ರಿಕೆ ಯಾವತ್ತೂ ತಲುಪಿಲ್ಲ.

ಬ್ರಿಡ್ಜಣ್ಣ ಮೂರನೆಯದನ್ನು ಮಾಡಿಸಿದರು, ಬರಲಿಲ್ಲ. ನಾಲ್ಕನೆಯದು, ಬರಲಿಲ್ಲ. ಪ್ರತಿಸಲವೂ ಮೊದಲಿದ್ದ ಹಾಗೇ ಇಡಿಸಿದರು. ತೆರಕಣಾಂಬಿ ಬಂತು. ಅಲ್ಲಿ ಇಳಿಯಬೇಕಿದ್ದ ಒಬ್ಬರು ಇಳಿದ ಮೇಲೂ ಕಿಟಕಿಯ ಕೆಳಗೆ ನಿಂತು, "ಬಂತಾ?" ಎಂದು ಕೇಳಿದರು. ಬಸ್ಸು ಹೊರಟಿತು. ಬ್ರಿಡ್ಜಣ್ಣನವರ ಕೈಗಳು ಬೆನ್ನ ಹಿಂದೆ ಹೋಗಲು ಸೀಟು ಬಿಡುತ್ತಿರಲಿಲ್ಲ, ಫೋನನ್ನು ತೊಡೆಯ ಮೇಲಿಟ್ಟು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ಟೀ ಸಿಗುವ ಜಾಗವೂ ಅದಲ್ಲ.

ಪಕ್ಕದ ಸಾಲಿನಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಅಷ್ಟು ಹೊತ್ತೂ ಸುಮ್ಮನಿದ್ದವರು ಈಗ ಬಾಯಿಬಿಟ್ಟರು.

"ಮಗಾ, ಆ ಮಿಸೀನ್ಗೆ ಆಯುಧ ಪೂಜೆ ಮಾಡಿದ್ರಂತಾ ಕೇಳು. ಮಾಡ್ದೆ ಇದ್ರೆ ಇಂಗೇ ಆಗದು."

"ಅಜ್ಜೀ, ಇದು ಪೂಜೆ ವಿಷ್ಯ ಅಲ್ಲ, ಇರಿ."

"ಕೇಳಕೇನ್ಲಾ ಕಷ್ಟ? ಬಾಯಿ ಸವ್ದೋದದಾ?"

ಫೋನು ಸ್ಪೀಕರಿನಲ್ಲೇ ಇತ್ತು. ಪುಟ್ಟಮ್ಮಣ್ಣಿಯವರಿಗೆ ಅಜ್ಜಿಯ ಮಾತು ಕೇಳಿಸಿತ್ತು. ಅಲ್ಲಿಯವರೆಗೆ ಪಿಸುಗುಟ್ಟುತ್ತಿದ್ದ ದನಿ ಒಮ್ಮೆಲೇ ಎತ್ತರಕ್ಕೇರಿತು.

"ಯಾರಜ್ಜಿ ಅದು? ಪೂಜೆ ಮಾಡ್ದೆ ಬುಡ್ತೀವಾ ನಾವು? ಅವತ್ತು ವೈರೆಲ್ಲಾ ಕಿತ್ತು, ಒದ್ದೆ ಬಟ್ಟೇಲಿ ಒರ್ಸಿ, ಅರಿಸಿನ ಕುಂಕುಮ ಇಕ್ಕಿ, ಸ್ಯಾವಂತಿಗೆ ಹಾರ ಆಕಿ ಮಾಡಿವ್ನಿ! ಈಗ್ಲೂ ಅದೆ ಹಾರ!"

ಬ್ರಿಡ್ಜಣ್ಣ ಸೀಟಿನಿಂದ ಅರ್ಧ ಎದ್ದರು.

"ಏನಂದೆ? ವೈರ್ ಕಿತ್ತಾ?"

"ಕೀಳ್ದೆ ಒರ್ಸಕಾಯ್ತದಾ?"

"ಅಮ್ಮಣ್ಣೀ, ಏನ್ ಮುಟ್ಟಿದ್ರಿ ಅಂತ ಮೊದ್ಲೇ ಕೇಳಿದ್ನಲ್ಲವ್ವಾ?"

"ಪೂಜೆ ಮಾಡೋದ್ನ ಮುಟ್ಟೋದು ಅಂತಾರಾ ಅಣ್ಣ?" ಎಂದರು ಪುಟ್ಟಮ್ಮಣ್ಣಿ. ಅವರ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು.

"ಅದೆಂಗಂತಾರೆ?" ಎಂದರು ಅಜ್ಜಿ. "ಇಲ್ಲ ಇಲ್ಲ, ಪೂಜೆ ಬೇರೆ, ಮುಟ್ಟೋದು ಬೇರೆ" ಎಂದರು ಕಂಡಕ್ಟರು. ಹಿಂದಿನ ಸೀಟಿನಿಂದ ಯಾರೋ, ತಾವೂ ಟ್ರ್ಯಾಕ್ಟರಿಗೆ ಪೂಜೆ ಮಾಡುವಾಗ ಬ್ಯಾಟರಿ ಬಿಚ್ಚಿ ಒರೆಸುವುದಾಗಿಯೂ ಅದನ್ನು ರಿಪೇರಿಯೆಂದು ಯಾರೂ ಕರೆದಿಲ್ಲವೆಂದೂ ತಿಳಿಸಿದರು. ಸಾಹೇಬರು ನ್ಯಾಯ ಹೇಳಿದರು: "ಸಾವ್ಕಾರ್ರೇ, ನೀವ್ ಕೇಳಿದ್ ಪ್ರಶ್ನೇನೇ ತಪ್ಪು."

ಬ್ರಿಡ್ಜಣ್ಣ ಬಸ್ಸಿನ ತೀರ್ಪನ್ನು ತಲೆಯಾಡಿಸಿ ಒಪ್ಪಿದರು. ಟೀ ಇಲ್ಲದೆ ಅವರು ಸೋಲೊಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸರಿ ಕಣವ್ವ. ಪೆಟ್ಟಿಗೆ ಹಿಂದಕ್ಕೆ ಬಗ್ಗು. ಒಂದೇ ಥರದವು ಎರಡು ತೂತವೆ. ವೈರು ಯಾವ್ದ್ರಲ್ಲದೆ?"

ಕುರ್ಚಿ ಸರಿದ ಸದ್ದು. "ಕೆಳಗಿನದ್ರಲ್ಲಿ."

"ಬ್ರಿಡ್ಜ್ ಕಟ್ಟಿರೋದು ಮೇಲಿನದಕ್ಕೆ. ಕೆಳಗಿನದ್ರಲ್ಲಿ ಇಕ್ಕುದ್ರೆ ಒರಗಡೆದಕ್ಕೆ ನೆಟ್ ಬತ್ತದೆ, ಒಳಗಡೆದಕ್ಕೆ ದಾರಿ ಇಲ್ಲ. ರೈತ ಬಂದು ಗೋಣಿ ಆಸ್ಕಂಡು ಕೂತವ್ನೆ, ಮಾರ್ಕೆಟ್ ಗೇಟ್‌ಗೆ ಬೀಗ. ಕಿತ್ತು ಮೇಲಿನದಕ್ಕೆ ಇಕ್ಕು."

"ಇಕ್ದೆ" ಎಂದಿತು ಫೋನು. ಆಮೇಲೆ ಕರೆ ಕಡಿದುಹೋಯಿತು. ತೆರಕಣಾಂಬಿಯಿಂದ ಆಚೆ ರಸ್ತೆ ಇಳಿಯುವಲ್ಲಿ ಸಿಗ್ನಲ್ ಹೋಗುತ್ತದೆ. ಆ ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಅದು ಗೊತ್ತು, ಆದರೂ ಎಲ್ಲರೂ ಫೋನನ್ನೇ ನೋಡಿದರು.

"ಬಂತೋ ಬರ್ನಿಲ್ವೋ?" ಎಂದರು ಅಜ್ಜಿ.

"ತಡ್ಕಳಿ ಅಜ್ಜೀ. ವೈರ್ ಇಕ್ಕುದ್ ತಕ್ಷಣ ಬ್ರಿಡ್ಜು ಬಾಯಿ ಬುಡದಿಲ್ಲ. ಸುತ್ತ ಯಾರ್ಯಾರವ್ರೆ, ಏನ್ ಮಾತಾಡ್ತಾವ್ರೆ ಅಂತ ಮೊದ್ಲು ಕೇಳಿಸ್ಕತದೆ. ಆಮೇಲ್ ಮಾತಾಡ್ತದೆ."

"ನಿಮ್ಗಿಂತ ವಾಸಿ ಬುಡಿ" ಎಂದರು ಸಾಹೇಬರು.

ಬಸ್ಸು ನಕ್ಕಿತು. ಬ್ರಿಡ್ಜಣ್ಣ ಎಲ್ಲರಿಗಿಂತ ಜೋರಾಗಿ ನಕ್ಕರು, ಆದರೆ ಕಣ್ಣು ಫೋನಿನ ಮೇಲೇ ಇತ್ತು. ಕಂಡಕ್ಟರು ಜೇಬಿನಿಂದ ತಮ್ಮ ಫೋನು ತೆಗೆದು ಬಾಗಿಲ ಕಡೆ ಎತ್ತಿ ಹಿಡಿದರು. "ನಂದು ಬೇರೆ ಕಂಪನಿ ಸಿಮ್ಮು. ಒಂದ್ ಕಡ್ಡಿ ಅದೆ ನೋಡಿ, ಮಾಡಿ." ಚಾಲಕರು ಕನ್ನಡಿಯಲ್ಲಿ ನೋಡಿದವರೇ, ಕೇಳದಿದ್ದರೂ, ವೇಗ ತಗ್ಗಿಸಿದರು. ಆ ಒಂದು ಕಡ್ಡಿ ಇರುವಷ್ಟು ರಸ್ತೆಯನ್ನು ಅವರು ಎಳೆದೆಳೆದು ಓಡಿಸಿದರು.

ರಿಂಗಾಯಿತು. ಯಾರೋ ಎತ್ತಿದರು. ಮೊದಲು ಕೇಳಿಸಿದ್ದು ಮಾತಲ್ಲ, ಹಿಂದಿನ ಕೋಣೆಯ ಮುದ್ರಣ ಯಂತ್ರದ ಸದ್ದು.

"ಬಂತಣ್ಣೋ!" ಎಂದರು ಪುಟ್ಟಮ್ಮಣ್ಣಿ. "ಪುಟ ತಕ್ಕಂಡೋಯ್ತು! ನಾಲ್ಕ್ ಪುಟಾನೂ ತಕ್ಕಂಡೋಯ್ತು!"

ಬಸ್ಸಿನಲ್ಲಿ ಆಮೇಲಾದ ಗದ್ದಲವನ್ನು ವರದಿ ಮಾಡುವುದು ಕಷ್ಟ. ಸಾಹೇಬರು ಬ್ರಿಡ್ಜಣ್ಣನವರ ಕೈ ಹಿಡಿದು ಕುಲುಕಿದರು. ಅಜ್ಜಿ, ತಾನು ಹೇಳಿದ್ದಕ್ಕೇ ಆದದ್ದೆಂದು ಸುತ್ತಲಿನವರಿಗೆಲ್ಲ ತಿಳಿಸಿ, ಕುಕ್ಕೆಯಿಂದ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ತೆಗೆದು ಬ್ರಿಡ್ಜಣ್ಣನವರ ತೊಡೆಯ ಮೇಲಿಟ್ಟರು. "ನಿಮ್ಮಿಂದ್ಲೇ ಆಗಿದ್ದು ಅಜ್ಜೀ, ನಾನು ಬರೀ ತೂತು ತೋರ್ಸಿದ್ದು" ಎಂದರು ಇವರು. ಅದು ಮುಖಸ್ತುತಿಯಲ್ಲ, ನಡೆದ ಸಂಗತಿ.

ನಾವು ಕಚೇರಿ ತಲುಪಿದಾಗ ಮೈಸೂರಿನವರು ಲ್ಯಾಪ್‌ಟಾಪ್ ಮುಚ್ಚಿ, ಪುಟ್ಟಮ್ಮಣ್ಣಿಯವರ ಬೆನ್ನ ಹಿಂದೆ ನಿಂತು, ಅವರು ಮರುದಿನದ ಪುಟವೊಂದರ ಶೀರ್ಷಿಕೆಯ ಒತ್ತಕ್ಷರಗಳನ್ನು ಕೂರಿಸುವುದನ್ನು ನೋಡುತ್ತಿದ್ದರು. ಒಳ್ಳೆಯ ಮನುಷ್ಯ. "ಇಷ್ಟು ಚೆನ್ನಾಗಿ ನಮ್ಮಲ್ಲಿ ಕೂರಲ್ಲ ಸಾರ್" ಎಂದು ಯಜಮಾನರಿಗೆ ಅವರೇ ಹೇಳಿದರು. ಪೆಟ್ಟಿಗೆಯ ಮೇಲೆ ಬಾಡಿದ ಸೇವಂತಿಗೆ ಹಾರ ಇನ್ನೂ ಇತ್ತು.

ಯಜಮಾನರು ಬ್ರಿಡ್ಜಣ್ಣನವರನ್ನು ಕೇಳಿದರು: "ಏನಾಗಿತ್ತು?"

ಪುಟ್ಟಮ್ಮಣ್ಣಿ ಕೀಲಿಮಣೆಯ ಮೇಲಿನ ಕೈಯನ್ನು ಎತ್ತಲಿಲ್ಲ, ಆದರೆ ಬೆರಳುಗಳು ನಿಂತವು.

"ನಾನ್ ಕಟ್ಟಿದ್ದೇ ಸರಿಯಾಗಿರ್ನಿಲ್ಲ" ಎಂದರು ಬ್ರಿಡ್ಜಣ್ಣ. "ಒಂದೇ ಥರದ ಎರಡು ಬಾಗ್ಲು ಇಟ್ಟು ಒಂದಕ್ ಮಾತ್ರ ಬ್ರಿಡ್ಜ್ ಮಾಡಿದ್ದೆ. ಜನ ಯಾವ್ದ್ರಲ್ ಬಂದ್ರೂ ಒಳಿಕ್ ಬರೋ ಅಂಗಿರ್ಬೇಕು. ಪೂಜೆ ಮಾಡ್ದೆ ಇರಕಾಯ್ತದಾ?"

ಯಜಮಾನರು ಅವರನ್ನೂ ಪುಟ್ಟಮ್ಮಣ್ಣಿಯವರನ್ನೂ ಒಮ್ಮೆ ನೋಡಿದರು. ಮೈಸೂರಿನವರಿಗೆ ಕಾಫಿ ತರಿಸಿದರು. ಆ ಕಾಫಿಗೆ ಅರ್ಥವೇನೆಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪುಟ್ಟಮ್ಮಣ್ಣಿಯವರ ಬೆರಳುಗಳು ಮತ್ತೆ ಓಡಿದವು.

ಬ್ರಿಡ್ಜಣ್ಣ ಬೀಗದ ಕೈ ಗೊಂಚಲನ್ನು ಪೆಟ್ಟಿಗೆಗೆ ಚುಚ್ಚಿ ಎರಡು ತೂತುಗಳನ್ನೂ ಬ್ರಿಡ್ಜಿಗೆ ಸೇರಿಸಿದರು. ಪುಟ್ಟಮ್ಮಣ್ಣಿಯವರಿಂದಲೇ ವೈರು ಕೀಳಿಸಿ, ಮೇಲೊಮ್ಮೆ ಕೆಳಗೊಮ್ಮೆ ಹಾಕಿಸಿ ನೋಡಿದರು. ಎರಡು ಸಲವೂ ಹಿಂದಿನ ಕೋಣೆಯಿಂದ "ಬಂತು" ಎಂಬ ಕೂಗು ಬಂತು. "ಎರಡಕ್ಕೂ ಒಟ್ಟಿಗೆ ವೈರ್ ಇಕ್ಬೇಡ ಮತ್ತೆ, ಒಂದ್ರಲ್ಲಿ ಓಗಿದ್ದು ಇನ್ನೊಂದ್ರಲ್ಲಿ ವಾಪಸ್ ಬಂದು ಸುತ್ತಾಕ್ಕಂಡು ಸಾಯ್ತದೆ" ಎಂದು ಎಚ್ಚರಿಸಿದರು. ಮಧ್ಯಾಹ್ನ ಊಟದ ಹೊತ್ತಿಗೆ ಸಬ್ಬಸಿಗೆ ಸೊಪ್ಪು ಪುಟ್ಟಮ್ಮಣ್ಣಿಯವರ ಚೀಲಕ್ಕೆ ಹೋಯಿತು.

ಗುಂಡ್ಲುಪೇಟೆಗೆ ಹೋಗುವ ಪತ್ರಿಕೆಯ ಕಟ್ಟನ್ನು ನಾವು ಬಸ್ಸಿಗೆ ಹಾಕಿ ಕಳಿಸುತ್ತೇವೆ. ಆ ಸಂಜೆ ಬ್ರಿಡ್ಜಣ್ಣ ಅದೇ ಬಸ್ಸಿನಲ್ಲಿ ವಾಪಸು ಹೊರಟಿದ್ದರಿಂದ ಕಟ್ಟನ್ನು ಅವರ ಕೈಗೇ ಕೊಟ್ಟೆವು. ಮುಂದಿನದನ್ನು ನಾನು ಕಂಡಿಲ್ಲ, ಕಂಡಕ್ಟರರಿಂದ ಕೇಳಿ ಬರೆಯುತ್ತಿದ್ದೇನೆ. ಬಸ್ಸು ಊರು ಬಿಡುವ ಮೊದಲೇ ಅವರು ಕಟ್ಟಿನ ದಾರ ಬಿಚ್ಚಿದರಂತೆ. ಪಕ್ಕದವರಿಗೆ ಮೊದಲ ಪುಟ ತೋರಿಸಿ, "ಸಾಲು ಎಷ್ಟ್ ನೆಟ್ಟಗವೆ ನೋಡಿ. ಕುದೇರೋಳು ಕಟ್ಟಿರೋದು" ಎಂದರಂತೆ. ಹಿಂದಿನವರು ಕೇಳಿದರು, ಅವರಿಗೂ ಒಂದು. ಮುಂದಿನವರಿಗೂ ಒಂದು. ತೆರಕಣಾಂಬಿಯಲ್ಲಿ ಬೆಳಗಿನ ಕತೆ ಗೊತ್ತಿದ್ದ ಕೆಲವರು ಹತ್ತಿ, ಅವರೂ ಪತ್ರಿಕೆ ಬಿಡಿಸಿಕೊಂಡು ಕೂತರಂತೆ. ದೀಪ ಹಾಕಿದ ಬಸ್ಸಿನ ತುಂಬ ಜನ ನಮ್ಮ ಪತ್ರಿಕೆ ಓದುತ್ತ ಗುಂಡ್ಲುಪೇಟೆಗೆ ಬಂದಿಳಿದರು. ಪ್ರತಿಗಳನ್ನೆಲ್ಲ ವಾಪಸು ಪಡೆದು, ನಾಲ್ಕಾಗಿ ಮಡಚಿ, ಅದೇ ದಾರ ಕಟ್ಟಿ ಇವರು ಕಟ್ಟನ್ನು ಏಜೆಂಟರಿಗೆ ಒಪ್ಪಿಸಿದರು.

ಮರುದಿನ ಬೆಳಿಗ್ಗೆ ಗುಂಡ್ಲುಪೇಟೆಯ ಏಜೆಂಟರು ಫೋನು ಮಾಡಿ ದೂರು ಹೇಳಿದರು. ನಿನ್ನೆ ಕಟ್ಟು ಬಿಚ್ಚಿ ಬಂದಿತ್ತು, ಒಂದೊಂದು ಪ್ರತಿಯೂ ಯಾರೋ ಓದಿ ಬಿಟ್ಟಂತೆ ಸುಕ್ಕಾಗಿತ್ತು, ಅಂಥದ್ದನ್ನು ಮನೆಮನೆಗೆ ಹೇಗೆ ಹಾಕುವುದು? ಫೋನು ಎತ್ತಿದ್ದು ಪುಟ್ಟಮ್ಮಣ್ಣಿ. ಅವರು ಪೂರ್ತಿ ಕೇಳಿಸಿಕೊಂಡರು.

"ಒಬ್ರೂ ಬುಡ್ದೆ ಓದವ್ರಾ?" ಎಂದು ಕೇಳಿದರು.

"ಇಡೀ ಬಸ್ಸೇ ಓದ್ಬುಟ್ಟದೆ ಕಣಮ್ಮ!"

"ಓದ್ಲಿ ಬುಡಿ" ಎಂದು ಫೋನಿಟ್ಟು, ಅವತ್ತಿನ ಪುಟಕ್ಕೆ ಕೂತರು.